ದತ್ತು ಯಾರು, ದಾತರು ಯಾರು?



ಸೇವೆ ಎಂಬುದು ನಮ್ಮ ನಾಲಗೆಯ ಮೇಲೆ ಬಹು ಸುಲಭವಾಗಿ ಸುಳಿಯುವ ಮಾತು. ವೇದಿಕೆಯ ಮೇಲೆ ಅದನ್ನು ಆಡದ ಭಾಷಣಕಾರರಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಅದು ಅಚ್ಚಾಗದ ಸಮಾರಂಭವಿಲ್ಲ. ಸುಲಭವಾಗಿ ಸವೆಯುವ ನಾಣ್ಯವನ್ನು ಆಗಾಗ ತಕ್ಕಡಿಯಲ್ಲಿಟ್ಟು ತೂಗಿ ನೋಡಬೇಕಾಗುತ್ತದೆ. ಸುಲಭವಾಗಿ ಆಡುವ ಮಾತಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಇಂದು ತಮ್ಮೊಡನೆ ವಿಚಾರಿಸಬೇಕೆಂದು ನಾನು ಎತ್ತಿಕೊಂಡಿರುವುದು, ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳು ಸುತ್ತಲಿನ ಊರುಗಳಿಗೆ ಹೋಗಿ ಮಾಡುವ ಸೇವೆಯ ವಿಷಯವನ್ನು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ನನ್ನ ಪ್ರಶ್ನೆಯಲ್ಲ, ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಹಾಗೆ ಹೋಗುವಾಗ ನಾವು ಯಾರಾಗಿ ಹೋಗುತ್ತೇವೆ? ಕೊಡುವವರಾಗಿಯೋ, ತೀರಿಸುವವರಾಗಿಯೋ? ಈ ಒಂದು ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಮಾಡುವ ಕೆಲಸದ ಬಣ್ಣವೆಲ್ಲ ಬದಲಾಗುತ್ತದೆಂದು ನನ್ನ ನಂಬಿಕೆ.

ಮೊದಲು ಸ್ವಲ್ಪ ಇತಿಹಾಸವನ್ನು ನೆನೆಯೋಣ. ರಾಷ್ಟ್ರೀಯ ಸೇವಾ ಯೋಜನೆ ಎಂದು ನಾವು ಕರೆಯುವ ವ್ಯವಸ್ಥೆ ಮಹಾತ್ಮಾ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ, ಸೆಪ್ಟೆಂಬರ್ 24ರಂದು ಪ್ರಾರಂಭವಾಯಿತು. ಆಗ ಕೇಂದ್ರದ ಶಿಕ್ಷಣ ಮಂತ್ರಿಗಳಾಗಿದ್ದವರು ನಮ್ಮ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋಗಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು. ದೇಶದ 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಡನೆ ಆರಂಭವಾದ ಆ ಕಾರ್ಯ ಇಂದು ಲಕ್ಷಗಟ್ಟಲೆ ತರುಣರನ್ನು ಒಳಗೊಂಡಿದೆ. ಸೇರಿದ ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಒಂದು ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಕೋನಾರ್ಕದ ಸೂರ್ಯದೇವಾಲಯದ ರಥಚಕ್ರ ಅದರ ಲಾಂಛನ. ನಾನಲ್ಲ, ನೀನು ಎಂಬುದು ಅದರ ಧ್ಯೇಯವಾಕ್ಯದ ಸಾರ.

ಈ ಯೋಜನೆ ಹುಟ್ಟುವ ಮೊದಲು ಹಿರಿಯರಲ್ಲಿ ದೀರ್ಘವಾದ ಒಂದು ಚರ್ಚೆ ನಡೆಯಿತೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಸ್ವಾತಂತ್ರ್ಯ ಬಂದ ಹೊಸತರಲ್ಲಿಯೇ ವಿದ್ಯಾರ್ಥಿಗಳ ಸೇವೆ ಸ್ವಇಚ್ಛೆಯದಾಗಿರಲಿ ಎಂದು ಸೂಚಿಸಿತ್ತು. ಮುಂದೆ 1958ರಲ್ಲಿ ಪಂಡಿತ ನೆಹರೂ ಅವರು ಮುಖ್ಯಮಂತ್ರಿಗಳಿಗೆ ಬರೆದ ಪತ್ರದಲ್ಲಿ, ಪದವಿ ಪಡೆಯುವುದಕ್ಕೆ ಸಮಾಜಸೇವೆಯನ್ನು ಒಂದು ನಿಬಂಧನೆಯನ್ನಾಗಿ ಮಾಡಬಾರದೇಕೆ ಎಂಬ ವಿಚಾರವನ್ನು ಮುಂದಿಟ್ಟರು. 1959ರಲ್ಲಿ ಸಿ. ಡಿ. ದೇಶಮುಖರ ಸಮಿತಿಯು ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ಸೇವೆ ಇರಬೇಕೆಂದು ಶಿಫಾರಸು ಮಾಡಿತು. ಆ ಬಳಿಕ ಪ್ರೊ. ಕೆ. ಜಿ. ಸಯ್ಯದೈನ್ ಅವರು ಹಲವು ದೇಶಗಳ ಪದ್ಧತಿಗಳನ್ನು ಅಭ್ಯಾಸ ಮಾಡಿ, ಬೇಡ, ಒತ್ತಾಯ ಬೇಡ, ಮನಃಪೂರ್ವಕವಾಗಿ ಬರುವವರು ಬರಲಿ ಎಂಬ ಅಭಿಪ್ರಾಯವನ್ನು ಕೊಟ್ಟರು. ಕೊನೆಗೆ 1969ರಲ್ಲಿ ಗೆದ್ದದ್ದು ಈ ಎರಡನೆಯ ಪಕ್ಷ.

ವಾಚಕರೇ, ಈ ಚರ್ಚೆ ಕೇವಲ ಆಡಳಿತದ ಚರ್ಚೆಯಲ್ಲ; ಧರ್ಮಸೂಕ್ಷ್ಮವೊಂದು ಅದರಲ್ಲಿ ಅಡಗಿದೆ. ಒತ್ತಾಯದಿಂದ ಮಾಡಿದ್ದು ಸೇವೆಯಾದೀತೆ ಎಂದು ಒಂದು ಪಕ್ಷ ಕೇಳುತ್ತದೆ. ಬೆನ್ನಮೇಲೆ ಕೋಲು ಆಡಿಸಿ ಹೊರಿಸಿದ ಹೊರೆ ಬಿಟ್ಟಿಯೇ ಹೊರತು ಸೇವೆಯಲ್ಲ. ಮತ್ತೊಂದು ಪಕ್ಷ ಕೇಳುವುದೂ ನ್ಯಾಯವಾಗಿಯೇ ಇದೆ: ಸಮಾಜದ ಹಣದಿಂದ ಓದಿದವನು ಸಮಾಜಕ್ಕೆ ಮರಳಿ ಕೊಡಬೇಕೆಂದು ಕೇಳುವುದರಲ್ಲಿ ತಪ್ಪೇನು? ಇಬ್ಬರ ಮಾತೂ ಸರಿಯಾಗಿ ಕಾಣುವುದಕ್ಕೆ ಕಾರಣವಿದೆ. ಮೊದಲನೆಯವರು ಸೇವೆಯನ್ನು ದಾನವೆಂದು ಭಾವಿಸಿದ್ದಾರೆ; ಎರಡನೆಯವರು ಋಣವೆಂದು ಭಾವಿಸಿದ್ದಾರೆ. ದಾನವನ್ನು ಯಾರೂ ಕಸಿದುಕೊಳ್ಳಲಾಗದು. ಕಸಿದುಕೊಂಡರೆ ಅದು ದಾನವಾಗಿ ಉಳಿಯುವುದಿಲ್ಲ. ಋಣವನ್ನಾದರೋ ಬಾಗಿಲಿಗೆ ಬಂದು ಕೇಳಬಹುದು; ಕೇಳಿದಾಗ ಕೊಡಲೇಬೇಕು. ಆದುದರಿಂದ ಕಡ್ಡಾಯವೋ ಐಚ್ಛಿಕವೋ ಎಂಬ ಜಗಳಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು, ಅದು ದಾನವೋ ಋಣವೋ ಎಂಬುದು.

ಈ ಪತ್ರಿಕೆಯನ್ನು ಓದುವ ತಮ್ಮಲ್ಲಿ ಬಹುಜನ ಒಂದಲ್ಲ ಒಂದು ಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದವರು. ನಾನೂ ಅಂಥವನೇ. ಆ ದಿನಗಳನ್ನು ನೆನೆಸಿಕೊಳ್ಳಿ. ನಾವು ಉಂಡ ರೊಟ್ಟಿಯ ಜೋಳ ಎಲ್ಲಿಂದ ಬಂತು? ಪೂಜ್ಯರು ಜೋಳಿಗೆ ಹಿಡಿದು ಹಳ್ಳಿಯಿಂದ ಹಳ್ಳಿಗೆ ಹೋದರು. ಸುಗ್ಗಿಯ ಕಾಲದಲ್ಲಿ ಭಕ್ತರು ಚಕ್ಕಡಿ ಹೇರಿ ಕಳಿಸಿದರು. ಎರಡು ಎಕರೆ ಹೊಲದವನೂ ಒಂದು ಸೇರು ಅಳೆದ. ತನ್ನ ಮಗನನ್ನು ಶಾಲೆಗೆ ಕಳಿಸಲಾಗದ ತಾಯಿ, ಪರರ ಮಗ ಓದಲಿ ಎಂದು ಮೊರ ತುಂಬಿ ನೀಡಿದಳು. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಸಂಪತ್ತನ್ನೇ ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಅವರ ನಿಧಿಯಿಂದ ಓದಿ ಮೇಲೆ ಬಂದವರು ಎಷ್ಟೋ ಜನ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ ಅವರ ಕೈಯಲ್ಲಿ ಇದ್ದದ್ದು ಧನಕ್ಕಿಂತ ಹೆಚ್ಚಾಗಿ ಧೈರ್ಯ. ದೇಸಾಯಿಯ ದತ್ತಿ ಶಿಲಾಫಲಕದಲ್ಲಿ ಉಳಿಯಿತು. ಒಂದು ಸೇರು ಜೋಳ ಅಳೆದವನ ಹೆಸರು ಎಲ್ಲಿಯೂ ಉಳಿಯಲಿಲ್ಲ. ಆದರೆ ನಮ್ಮ ಮೈಯಲ್ಲಿ ಆ ಜೋಳ ರಕ್ತವಾಗಿ ಹರಿಯುತ್ತಿದೆ. ಮಠದಲ್ಲಿ ಉಣ್ಣದೆ ಸರಕಾರದ ಕಾಲೇಜಿನಲ್ಲಿ ಓದಿದವರ ಲೆಕ್ಕವೂ ಬೇರೆಯಲ್ಲ. ಅಲ್ಲಿಯೂ ಯಾರೋ ಕೊಟ್ಟ ಕಂದಾಯ, ಯಾರೋ ಹೊತ್ತ ಕಲ್ಲು ಇದ್ದೇ ಇದೆ.

ಹೀಗಿರಲು, ಓದಿದ ತರುಣ ಬುಟ್ಟಿ ಸಲಿಕೆ ಹಿಡಿದು ಹಳ್ಳಿಗೆ ಹೋದಾಗ ತಾನು ದಾನಿಯೆಂದು ತಿಳಿದರೆ ಅದು ಲೆಕ್ಕದ ತಪ್ಪು. ಸಾಲಗಾರನು ಅಸಲಿನ ಒಂದು ಕಂತನ್ನು ಕೊಡುವುದಕ್ಕೆ ಹೋಗಿ, ನಾನು ನಿನಗೆ ಉಪಕಾರ ಮಾಡುತ್ತಿದ್ದೇನೆ ಎಂದಂತೆ ಆಯಿತು. ಶರಣರು ದಾನ ಎಂಬ ಮಾತಿನ ಬದಲು ದಾಸೋಹವೆಂಬ ಮಾತನ್ನು ಬೆಳೆಸಿದ್ದರಲ್ಲಿ ಇದೇ ಮರ್ಮವಿದೆ. ದಾನದಲ್ಲಿ ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ, ಸ್ವೀಕರಿಸುವವನು ಜಂಗಮ.

ತತ್ತ್ವ ಹೇಳುವುದು ಸುಲಭ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ, ನಾಚಿಕೆಯಿಂದ ಕಲಿತವನು. ಆ ಪ್ರಸಂಗವನ್ನು ತಮ್ಮ ಮುಂದೆ ಇಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕಾಲೇಜು ವಿದ್ಯಾರ್ಥಿ. ಸೇವಾ ಯೋಜನೆ ಆಗ ಎಳೆಯದು, ಉತ್ಸಾಹ ಹೇರಳ. 1973ರ ಬರಗಾಲದ ಸಮಯದಲ್ಲಿ ದೇಶದ ವಿದ್ಯಾರ್ಥಿಗಳು ಬರದ ವಿರುದ್ಧ ದುಡಿದ ಕಥೆಯನ್ನು ಹಿರಿಯ ವಿದ್ಯಾರ್ಥಿಗಳಿಂದ ಕೇಳಿದ್ದೆವು. ಕಿತ್ತೂರು ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮದು ಹತ್ತು ದಿನಗಳ ಶಿಬಿರ. ಬೆಳಗಿನ ಜಾವ ಪ್ರಾರ್ಥನೆ, ಪ್ರಭಾತಫೇರಿ, ಆ ಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಹಾಡು, ನಾಟಕ. ಊರಿನಿಂದ ಗುಡ್ಡದ ಗುಡಿಯವರೆಗೆ ಒಂದು ದಾರಿಯನ್ನು ಮಾಡುವುದೆಂದು ನಿಶ್ಚಯವಾಗಿತ್ತು. ಐವತ್ತು ಜನ ಅಗೆದೆವು, ಕಲ್ಲು ಹೊತ್ತೆವು, ಮಣ್ಣು ಹಾಕಿದೆವು. ಅಂಗೈಯಲ್ಲಿ ಬೊಬ್ಬೆ ಎದ್ದುದನ್ನು ಒಬ್ಬರಿಗೊಬ್ಬರು ತೋರಿಸಿ ಹೆಮ್ಮೆಪಟ್ಟೆವು. ಕೊನೆಯ ದಿನ ಊರಿನವರು ಹೋಳಿಗೆ ಮಾಡಿ ಉಣ್ಣಿಸಿದರು. ಸಮಾರೋಪದಲ್ಲಿ ಅತಿಥಿಗಳು ನಮ್ಮನ್ನು ನಾಡಿನ ಆಶಾಕಿರಣಗಳೆಂದು ಕರೆದರು. ನಾವು ನಂಬಿದೆವು.

ಮರುವರ್ಷ ಅದೇ ಹಳ್ಳಿಗೆ ಹೋದೆವು. ಮುಂಗಾರಿನ ಮಳೆ ನಮ್ಮ ದಾರಿಯನ್ನು ಹಳ್ಳಕ್ಕೆ ಒಯ್ದಿತ್ತು. ನೀರು ಹರಿದು ಹೋಗಲು ಎಲ್ಲಿ ಜಾಗ ಬಿಡಬೇಕೆಂಬುದನ್ನು ನಾವು ಯಾವ ರೈತನನ್ನೂ ಕೇಳಿರಲಿಲ್ಲ. ಕೇಳಿದ್ದರೆ ಯಾವನಾದರೂ ಹೇಳುತ್ತಿದ್ದ. ಅದಕ್ಕಿಂತ ದೊಡ್ಡ ಪಾಠ ಇನ್ನೂ ಮುಂದಿತ್ತು. ಊರ ಹೊರಗಿನ ಓಣಿಯ ಒಬ್ಬ ಮುದುಕಿ ನಮ್ಮ ಬಿಡಾರದ ಹತ್ತಿರ ಬಂದು, ಪಾವಟಿಗೆ ಏರದೆ ಕೆಳಗೆ ನಿಂತು, ಸೆರಗಿನ ಗಂಟನ್ನು ಬಿಚ್ಚಿ ಒಂದು ಕಾಗದವನ್ನು ಮುಂದೆ ಹಿಡಿದಳು. "ಹ್ವಾದ ವರ್ಷ ಬಂದ್ರಿ, ಹಾಡಿದ್ರಿ, ಉಂಡ್ರಿ, ಹ್ವಾದ್ರಿ. ನಮ್ಮ ಓಣಿ ಕಡೆ ಒಬ್ಬರೂ ಹಾಯಲಿಲ್ಲ. ಇದನ್ನ ಓದಿ ಹೇಳವರು ಯಾರೂ ಸಿಗಲಿಲ್ಲ ನೋಡ್ರಿ ಎಪ್ಪಾ" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ನನ್ನ ಜೊತೆಗಾರನೊಬ್ಬ ಕಾಗದವನ್ನು ಓದಿದ. ವೃದ್ಧಾಪ್ಯ ವೇತನಕ್ಕಾಗಿ ಯಾರಿಂದಲೋ ಬರೆಯಿಸಿ ಹಾಕಿದ್ದ ಅರ್ಜಿಗೆ ಬಂದ ಉತ್ತರ ಅದು. ವಯಸ್ಸಿನ ದಾಖಲೆಯನ್ನು ಇಂತಿಷ್ಟು ದಿನಗಳೊಳಗೆ ಒದಗಿಸಬೇಕು, ತಪ್ಪಿದರೆ ಅರ್ಜಿಯನ್ನು ಮುಕ್ತಾಯಗೊಳಿಸಲಾಗುವುದು ಎಂದಿತ್ತು. ತಾರೀಖು ನೋಡಿದೆವು. ಹಿಂದಿನ ವರ್ಷ ನಮ್ಮ ಶಿಬಿರ ಮುಗಿದ ಒಂದು ತಿಂಗಳಿಗೆ ಆ ಅವಧಿ ತೀರಿತ್ತು. ನಾವು ಹತ್ತು ದಿನ ಅವಳ ಗುಡಿಸಲಿನಿಂದ ಇನ್ನೂರು ಹೆಜ್ಜೆಗಳ ದೂರದಲ್ಲಿ ಇದ್ದೆವು. ಐವತ್ತು ಜನ ಅಕ್ಷರಸ್ಥರು. ಒಬ್ಬನಾದರೂ ಆ ಓಣಿಗೆ ಕಾಲಿಟ್ಟಿದ್ದರೆ, ಅರ್ಧ ಗಂಟೆಯಲ್ಲಿ ಆಗಬಹುದಾಗಿದ್ದ ಕೆಲಸ ಅದು.

ಅಂದು ರಾತ್ರಿ ನಮಗೆ ಹೊಳೆದ ಸತ್ಯ ಇಷ್ಟು. ಆ ಊರಿನ ಪ್ರತಿಯೊಬ್ಬನಿಗೂ ನಮಗಿಂತ ಚೆನ್ನಾಗಿ ಅಗೆಯಲು ಬರುತ್ತಿತ್ತು. ಅವರಿಗೆ ಬಾರದೆ ನಮಗೆ ಬರುತ್ತಿದ್ದ ವಿದ್ಯೆ ಒಂದೇ, ಓದು ಬರಹ. ಅವರೇ ಜೋಳ ಕೊಟ್ಟು ನಮಗೆ ಕಲಿಸಿದ್ದ ವಿದ್ಯೆ ಅದು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಅವರಿಗೆ ಹೇರಳವಾಗಿದ್ದ ಕಾಯಕಷ್ಟವನ್ನೇ ನಾವು ಉಡುಗೊರೆಯಾಗಿ ಒಯ್ದಿದ್ದೆವು. ಮತ್ತು ನಾವು ದಾರಿ ಮಾಡಿದ್ದು ಗುಡಿಗೆ. ಅವಳ ಓಣಿಗೆ ಅಲ್ಲ. ಆ ಗುಡಿಯ ಹೊಸ್ತಿಲನ್ನು ಅವಳು ದಾಟಬಹುದೇ ಇಲ್ಲವೇ ಎಂಬುದನ್ನು ನಾವು ಕೇಳಿಯೂ ಇರಲಿಲ್ಲ. ಬಸವಣ್ಣನವರ ಹೆಸರಿನಲ್ಲಿ ಬೆಳಗ್ಗೆ ಪ್ರಾರ್ಥನೆ ಮಾಡಿದವರು ನಾವು!

ಹಾಗಾದರೆ ಶ್ರಮದಾನ ವ್ಯರ್ಥವೇ ಎಂದು ತಾವು ಕೇಳಬಹುದು. ವ್ಯರ್ಥವಲ್ಲ. ಆದರೆ ಅದರ ಫಲ ಯಾರಿಗೆ ಸಲ್ಲುತ್ತದೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಬೊಬ್ಬೆ ಎದ್ದ ಅಂಗೈ ದುಡಿಯುವವನ ಬೆಲೆಯನ್ನು ಅರಿಯುತ್ತದೆ. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವನು ಜಾತಿಯ ಗೋಡೆಯ ಒಂದು ಇಟ್ಟಿಗೆಯನ್ನಾದರೂ ಸಡಿಲಿಸುತ್ತಾನೆ. ಇವೆಲ್ಲ ವಿದ್ಯಾರ್ಥಿಗೆ ಆಗುವ ಲಾಭಗಳು. ಅಂದಮೇಲೆ ಶಿಬಿರವೆಂಬುದು ನಮಗೆ ಹಳ್ಳಿ ನಡೆಸಿಕೊಟ್ಟ ಪಾಠಶಾಲೆ. ಹೋಳಿಗೆ ಉಣ್ಣಿಸಿ ಕಲಿಸಿದ ಪಾಠಶಾಲೆ. ಸಮಾರೋಪದಲ್ಲಿ ಊರಿನ ಹಿರಿಯರು ಎದ್ದು ನಿಂತು ನಮಗೆ ವಂದನೆ ಸಲ್ಲಿಸಿದರಲ್ಲ, ಎದ್ದು ನಿಲ್ಲಬೇಕಾದವರು ನಾವಾಗಿದ್ದೆವು.

ಸೇವಾ ಯೋಜನೆಯಲ್ಲಿ ಒಂದು ಪದ ಬಳಕೆಯಲ್ಲಿದೆ, ದತ್ತು ಗ್ರಾಮ. ಕಾಲೇಜು ಒಂದು ಹಳ್ಳಿಯನ್ನು ದತ್ತು ತೆಗೆದುಕೊಳ್ಳುತ್ತದೆ ಎನ್ನುತ್ತಾರೆ. ಬೇರೆ ಸೀಮೆಯಲ್ಲಿ ಈ ಮಾತು ಹಗುರವಾಗಿ ನಡೆದೀತು. ಕಿತ್ತೂರು ನಾಡಿನಲ್ಲಿ ದತ್ತು ಎಂಬುದು ಭಾರವಾದ ಮಾತು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಅರಸ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ಆತ ಮಾಡಿಕೊಂಡಿದ್ದ ದತ್ತಕವನ್ನು ಕಂಪನಿ ಸರಕಾರ ಮಾನ್ಯ ಮಾಡಲಿಲ್ಲ. ಆ ದತ್ತುಮಗನ ಹಕ್ಕಿಗಾಗಿ, ಸಂಸ್ಥಾನದ ಮಾನಕ್ಕಾಗಿ ರಾಣಿ ಚೆನ್ನಮ್ಮ ಎದ್ದು ನಿಂತಳು. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದಲ್ಲಿ ಸೆರೆಯಲ್ಲಿಯೇ ಪ್ರಾಣ ಬಿಟ್ಟಳು. ಅವಳ ಸಮಾಧಿ ಇಂದಿಗೂ ಆ ಊರಿನಲ್ಲಿದೆ. ದತ್ತು ಎಂಬ ಒಂದು ಸಂಬಂಧಕ್ಕಾಗಿ ಒಂದು ನಾಡು ಇಷ್ಟು ತೆತ್ತಿತು.

ದತ್ತಕವೆಂದರೆ ಏನು? ಮಗುವು ಹುಟ್ಟಿದ ಮನೆಯನ್ನು ಬಿಟ್ಟು ಇನ್ನೊಂದು ಮನೆಯದಾಗುತ್ತದೆ. ಆ ಮನೆಯ ಹೆಸರು ಅದರದಾಗುತ್ತದೆ. ಆ ಮನೆಯ ಸಾಲವೂ ಅದರದಾಗುತ್ತದೆ. ದತ್ತು ತೆಗೆದುಕೊಂಡವರು ಅನ್ನ ಇಡುತ್ತಾರೆ. ದತ್ತು ಹೋದವನು ಮನೆತನವನ್ನು ಕಾಯುತ್ತಾನೆ. ಈಗ ಹೇಳಿ, ಹಳ್ಳಿಗೂ ವಿದ್ಯಾರ್ಥಿಗೂ ಇರುವ ಸಂಬಂಧದಲ್ಲಿ ಅನ್ನವಿಟ್ಟವರು ಯಾರು? ಹಳ್ಳಿಯೇ ನಮ್ಮನ್ನು ದತ್ತು ತೆಗೆದುಕೊಂಡಿದೆ, ನಾವು ಹಳ್ಳಿಯನ್ನಲ್ಲ. ದಾಖಲೆಯ ಪುಸ್ತಕದಲ್ಲಿ ಹೇಗಾದರೂ ಬರೆದುಕೊಳ್ಳಲಿ. ಶಿಬಿರಕ್ಕೆ ಹೊರಡುವ ತರುಣ ಮನಸ್ಸಿನಲ್ಲಿ ಇದನ್ನು ತಿರುಗಿಸಿ ಬರೆದುಕೊಂಡರೆ ಸಾಕು. ದತ್ತುಮಗ ಏಳು ದಿನ ಮನೆಯಲ್ಲಿದ್ದು, ಫೋಟೋ ತೆಗೆಸಿಕೊಂಡು, ಹೋಗಿಬರುತ್ತೇನೆಂದು ಹೇಳಿ ಮರಳಿ ಬಾರದಿದ್ದರೆ ಅವನನ್ನು ಜನ ಏನೆಂದಾರು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಲವೆಡೆ ಸೇವೆಗೆ ಪ್ರಮಾಣಪತ್ರ ಮಾತ್ರವಲ್ಲ, ಅಂಕ, ಕ್ರೆಡಿಟ್ಟುಗಳೂ ದೊರೆಯುವಂತಾಗಿದೆ. ಅಂಕದ ಆಸೆಯಿಂದ ಬಂದವನ ಸೇವೆ ಸೇವೆಯೇ? ಹಿರಿಯರಲ್ಲಿ ಕೆಲವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ನಾನು ಅಷ್ಟು ಕಠಿಣನಾಗಲಾರೆ. ಪ್ರಸಾದ ನಿಲಯದಲ್ಲಿ ಊಟದ ಗಂಟೆ ಬಾರಿಸಿದಾಗ ನಾವೆಲ್ಲ ಓಡಿ ಬರುತ್ತಿದ್ದೆವು. ನಮ್ಮನ್ನು ಓಡಿಸಿದ್ದು ಹಸಿವೆಯೇ ಹೊರತು ಭಕ್ತಿಯಲ್ಲ. ಆದರೆ ಪಂಕ್ತಿಯಲ್ಲಿ ಕುಳಿತು, ಕೈ ಮುಗಿದು, ಬಡಿಸುವವರ ಮುಖ ನೋಡುತ್ತ ನೋಡುತ್ತ, ಒಂದಲ್ಲ ಒಂದು ದಿನ ಊಟ ಪ್ರಸಾದವಾಯಿತು. ಅಂಕವೆಂಬುದು ಗಂಟೆ. ಗಂಟೆಗೆ ಬಂದವನನ್ನು ಹಳಿಯಬೇಕಾಗಿಲ್ಲ. ಗಂಟೆಯನ್ನೇ ಪ್ರಸಾದವೆಂದು ತಿಳಿದು, ಅದು ಬಾರಿಸಿದೊಡನೆ ಕೈ ತೊಳೆದುಕೊಂಡು ಹೋಗುವವನನ್ನು ಮಾತ್ರ ಕರೆದು ಕೂಡ್ರಿಸಬೇಕು.

ಆದರೂ ಎಚ್ಚರಿಕೆ ಬೇಕು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ತಾವೆಲ್ಲ ಬಲ್ಲಿರಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ತಂದಾಗ ಪತ್ನಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳಿಸಿದಳು. ಅಕ್ಕಿ ಕದ್ದದ್ದಲ್ಲ, ದಾಸೋಹಕ್ಕೆಂದೇ ತಂದದ್ದು. ಆದರೂ ಆಸೆ ಎಲ್ಲಿ ತಲೆಯೆತ್ತಿತೆಂಬುದನ್ನು ಆ ತಾಯಿ ಗುರುತಿಸಿದಳು. ಒಳ್ಳೆಯ ಕೆಲಸಕ್ಕೂ ಒಂದು ಅಳತೆ ಉಂಟು. ಅದು ಎದುರಿಗಿರುವವನ ಅಗತ್ಯದ ಅಳತೆ, ಮಾಡುವವನ ಆಸೆಯ ಅಳತೆಯಲ್ಲ. ಹತ್ತು ಸಸಿ ನೀರುಂಡು ಬದುಕಬಲ್ಲ ಜಾಗದಲ್ಲಿ ವರದಿಗಾಗಿ ನೂರು ಸಸಿ ನೆಟ್ಟು, ಬೇಸಿಗೆಗೆ ಒಂದೂ ಉಳಿಯದೆ ಹೋದರೆ, ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎಂದೇ ಹೇಳುತ್ತಿದ್ದಳು.

ಗಾಂಧೀಜಿಯವರೂ ಇಂಥದೇ ಒಂದು ಅನುಭವವನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1901ರ ಕಲಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಹೋದಾಗ ಸ್ವಯಂಸೇವಕರಿಗೇನೂ ಕೊರತೆ ಇರಲಿಲ್ಲ. ಆದರೆ ಒಬ್ಬನಿಗೆ ಹೇಳಿದ ಕೆಲಸವನ್ನು ಅವನು ಇನ್ನೊಬ್ಬನಿಗೆ ಹೇಳುವನು, ಆತ ಮತ್ತೊಬ್ಬನಿಗೆ. ಶೌಚಾಲಯಗಳ ಹೊಲಸನ್ನು ತೋರಿಸಿದಾಗ, ಅದು ನಮ್ಮ ಕೆಲಸವಲ್ಲ ಎಂಬ ಉತ್ತರ ಬಂತು. ಗಾಂಧೀಜಿ ಪೊರಕೆಯನ್ನು ಕೇಳಿ ಪಡೆದು ತಾವೇ ಶುಚಿಮಾಡಿದರು. ಅದೇ ಗಾಂಧೀಜಿ 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದರು. ಅವರು ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ಅದೊಂದೇ. ಆ ಜನಸಾಗರದ ನೀರಿಗಾಗಿ ತೋಡಿದ ಬಾವಿ ಕಾಂಗ್ರೆಸ್ ಬಾವಿ ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ. ಭಾಷಣಗಳನ್ನು ಓದುವವರು ವಿರಳ. ಬಾವಿ ಮಾತ್ರ ನಿಂತಿದೆ. ಅಗತ್ಯವನ್ನು ಅರಿತು ತೋಡಿದ್ದು ನೂರು ವರ್ಷ ಬಾಳುತ್ತದೆ. ಅರಿಯದೆ ಹಾಕಿದ ನಮ್ಮ ದಾರಿ ಒಂದು ಮಳೆಗೂ ಬಾಳಲಿಲ್ಲ.

ಇತ್ತೀಚಿನ ಮಾತಿಗೆ ಬರೋಣ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಳು. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗಗಳ ಕಡೆಯ ನದೀತೀರದ ಜನರನ್ನು ಮನೆ ಬಿಡಿಸಿತು. ಇಂಥ ಆಪತ್ತಿನಲ್ಲಿ ಜನರ ಹೃದಯ ಕರಗುವುದು ಸಹಜ. ಆದರೆ ಪ್ರವಾಹ ಬಂದಾಗಲೆಲ್ಲ ಎಲ್ಲ ಕಡೆಯೂ ನಾವು ಕಾಣುವ ನೋಟವೊಂದಿದೆ: ಮೊದಲ ವಾರ ಹಳೆಯ ಬಟ್ಟೆಗಳ ರಾಶಿ, ಮೂರನೆಯ ವಾರ ಯಾರೂ ಇಲ್ಲ. ನೀರು ಇಳಿದ ಮೇಲೆಯೇ ನಿಜವಾದ ಕಷ್ಟ ಆರಂಭವಾಗುತ್ತದೆ. ಮನೆಯೊಳಗಿನ ಕೆಸರನ್ನು ಎತ್ತಬೇಕು. ನೆನೆದು ಹೋದ ಉತಾರ, ಪಾಸ್‌ಬುಕ್, ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿಗಳನ್ನು ಮತ್ತೆ ಮಾಡಿಸಬೇಕು. ಪರಿಹಾರದ ಅರ್ಜಿ ತುಂಬಬೇಕು. ಓದಿದ ಹುಡುಗ, ಓದಿದ ಹುಡುಗಿ ಬೇಕಾಗುವುದು ಆ ಹೊತ್ತಿಗೆ. ಕಿತ್ತೂರಿನ ಉತ್ಸವದಲ್ಲಿಯೂ ಹೀಗೆಯೇ. ಮೂರು ದಿನ ಬ್ಯಾಡ್ಜು ಹಚ್ಚಿಕೊಂಡು ವೇದಿಕೆಯ ಬಳಿ ನಿಲ್ಲಲು ನೂರು ಜನ ಸಿಕ್ಕಾರು. ನಾಲ್ಕನೆಯ ದಿನ ಬೆಳಗ್ಗೆ ಕೋಟೆಯ ಬಯಲಿನ ಕಸ ಆಯಲು ಎಷ್ಟು ಜನ ಉಳಿದಾರು? ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಲ್ಲಿ ಲಕ್ಷಾಂತರ ಜನ ಬಂದು ಹೋದ ಮೇಲೆ ಉಳಿಯುವ ಕಸದ ಮಾತೂ ಇದೇ. ದೇವದಾಸಿಯಾಗಿ ಅರ್ಪಿಸುವುದನ್ನು 1982ರ ಕಾಯ್ದೆ ನಿಷೇಧಿಸಿತು. ಆದರೆ ಆ ಪದ್ಧತಿಗೆ ಬಲಿಯಾಗಿ ಈಗ ಮುಪ್ಪಿನಲ್ಲಿರುವ ತಾಯಂದಿರ ಒಂದು ಅರ್ಜಿಯನ್ನು ತುಂಬಿಕೊಡುವ ಕೈ ಕಾಯ್ದೆಯಿಂದ ಹುಟ್ಟುವುದಿಲ್ಲ.

ಆದುದರಿಂದ ಸೇವೆಗೆ ಹೊರಡುವ ತರುಣ ಬಂಧುಗಳು ಮೂರು ಮಾತುಗಳನ್ನು ನೆನಪಿನಲ್ಲಿಡಲೆಂದು ನನ್ನ ಬಿನ್ನಹ. ಮೊದಲನೆಯದು, ಕೆಲಸ ನಿಶ್ಚಯಿಸುವ ಮೊದಲು ಊರನ್ನು ಕೇಳಿ. ಊರೆಂದರೆ ಚಾವಡಿಯಲ್ಲಿ ಕುಳಿತ ನಾಲ್ವರಲ್ಲ, ಕೊನೆಯ ಓಣಿಯ ಕೊನೆಯ ಮನೆ. ಕೇಳುವುದನ್ನು ಅಲ್ಲಿಂದಲೇ ಆರಂಭಿಸಿ. ಸಾಲ ಎಷ್ಟೆಂದು ಹೇಳುವ ಹಕ್ಕು ಸಾಲ ಕೊಟ್ಟವನದು, ತೀರಿಸುವವನದಲ್ಲ. ಎರಡನೆಯದು, ನಿಮ್ಮಲ್ಲಿ ಇರುವುದನ್ನು, ಅವರಲ್ಲಿ ಇಲ್ಲದ್ದನ್ನು ಒಯ್ಯಿರಿ. ವಾಣಿಜ್ಯ ಓದುವವನು ಸ್ವಸಹಾಯ ಸಂಘದ ಲೆಕ್ಕ ಬರೆದುಕೊಡಲಿ. ವಿಜ್ಞಾನ ಓದುವವಳು ಬಾವಿಯ ನೀರನ್ನು ಪರೀಕ್ಷಿಸಿ ಹೇಳಲಿ. ಸಲಿಕೆಯನ್ನು ಬಿಡಬೇಡಿ, ಆದರೆ ಲೇಖನಿಯನ್ನು ಮರೆಯಬೇಡಿ. ಮೂರನೆಯದು, ಮರಳಿ ಹೋಗಿ. ಒಂದೇ ಊರಿಗೆ, ಶಿಬಿರವಿಲ್ಲದ ದಿನ, ಬ್ಯಾನರು ಇಲ್ಲದೆ, ಒಬ್ಬರೋ ಇಬ್ಬರೋ ಹೋಗಿ. ಮಾಡಿದ್ದು ಉಳಿದಿದೆಯೇ ನೋಡಿ. ಸೇವೆಯ ಪರೀಕ್ಷೆ ಇರುವುದು ಎರಡನೆಯ ಭೇಟಿಯಲ್ಲಿ.

ಇಷ್ಟೆಲ್ಲ ವಿವೇಚನೆ ಮಾಡುತ್ತ ಕುಳಿತರೆ ಎಳೆಯರ ಉತ್ಸಾಹ ಬಾಡಿಹೋದೀತಲ್ಲ ಎಂಬ ಶಂಕೆ ತಮಗೆ ಬರಬಹುದು. ನನಗೂ ಬಂದಿದೆ. ತಪ್ಪಾದೀತೆಂದು ಹೆದರಿ ಮನೆಯಲ್ಲಿ ಕುಳಿತವನಿಗಿಂತ, ತಪ್ಪು ದಾರಿಯನ್ನೇ ಆದರೂ ಅಗೆದವನು ಮೇಲು. ಏಕೆಂದರೆ ಅವನು ಆ ಊರಿಗಾದರೂ ಹೋದ. ನಾವು ಆ ಮೊದಲ ವರ್ಷ ಹೋಗಿರದಿದ್ದರೆ ಮುದುಕಿ ಎರಡನೆಯ ವರ್ಷ ಕಾಗದ ಹಿಡಿದು ಬರುತ್ತಲೇ ಇರಲಿಲ್ಲ. ಆದುದರಿಂದ ಮಕ್ಕಳನ್ನು ತಡೆಯಬೇಡಿ, ಅಣಕಿಸಬೇಡಿ. ಅವರ ಜೊತೆಗೆ ಒಮ್ಮೆ ನಡೆಯಿರಿ. ಮಠದ ಅನ್ನವುಂಡು ಹೋಗಿ ಇಂದು ಅಧಿಕಾರಿಗಳೂ ವೈದ್ಯರೂ ವಕೀಲರೂ ಆಗಿರುವ ಹಳೆಯ ವಿದ್ಯಾರ್ಥಿಗಳು, ವರ್ಷಕ್ಕೆ ಎರಡು ದಿನ ಈ ಶಿಬಿರಗಳಲ್ಲಿ ಹೋಗಿ ಕುಳಿತರೆ, ಎಷ್ಟು ಅರ್ಜಿಗಳಿಗೆ ದಾರಿ ಸಿಕ್ಕೀತು! ಸಾಲ ಬರೀ ಇಪ್ಪತ್ತು ವರ್ಷದವರದಲ್ಲ. ಅರವತ್ತು ದಾಟಿದ ನಮ್ಮದೂ ಬಾಕಿ ಇದೆ.

ಕೊನೆಗೆ ನನ್ನ ಬಾಕಿಯನ್ನು ಹೇಳಿ ಮುಗಿಸುತ್ತೇನೆ. ಅಂದು ರಾತ್ರಿ ಲಾಟೀನಿನ ಬೆಳಕಿನಲ್ಲಿ ಕುಳಿತು ಆ ಮುದುಕಿಗಾಗಿ ಹೊಸ ಅರ್ಜಿಯೊಂದನ್ನು ಬರೆದೆವು. ಮರುದಿನ ಜೊತೆಗಾರನು ಅದನ್ನು ತಾಲೂಕಿನ ಊರಿಗೆ ಒಯ್ದು ಕೊಟ್ಟು ಬಂದ. ನಮಗೆ ಸಮಾಧಾನವಾಯಿತು. ಆ ಮೇಲೆ ಪರೀಕ್ಷೆ ಬಂತು, ಪದವಿ ಬಂತು, ನೌಕರಿ ಬಂತು. ಆ ಅರ್ಜಿಯ ಗತಿ ಏನಾಯಿತೆಂದು ನಾನು ಒಮ್ಮೆಯೂ ಹೋಗಿ ವಿಚಾರಿಸಲಿಲ್ಲ. ಮೂರನೆಯ ಭೇಟಿ ನನ್ನಿಂದ ಆಗಲೇ ಇಲ್ಲ. ಇಂದು ಆ ಓಣಿಗೆ ಹೋದರೆ ಅವಳನ್ನು ಬಲ್ಲವರೂ ಸಿಗಲಿಕ್ಕಿಲ್ಲ. ಹಳೆಯ ಪ್ರಮಾಣಪತ್ರ ಮಾತ್ರ ಕಪಾಟಿನಲ್ಲಿ ಭದ್ರವಾಗಿದೆ. ಸೇವೆಯನ್ನು ತೃಪ್ತಿಕರವಾಗಿ ಪೂರೈಸಿದ್ದಾರೆ ಎಂದು ಅದರಲ್ಲಿ ಬರೆದಿದೆ. ತೃಪ್ತಿ ಯಾರದೆಂದು ಅದರಲ್ಲಿ ಬರೆದಿಲ್ಲ.

ಈ ಸಾಲುಗಳನ್ನು ಓದುವ ತರುಣರು ಯಾರಾದರೂ ಇದ್ದರೆ, ಈ ವರ್ಷದ ಶಿಬಿರದಲ್ಲಿ ಮೊದಲ ದಿನವೇ ಸಲಿಕೆಯನ್ನು ಗೋಡೆಗೆ ಒರಗಿಸಿ, ಊರ ಕೊನೆಯ ಓಣಿಯವರೆಗೆ ಒಮ್ಮೆ ನಡೆದು ಬನ್ನಿ. ಯಾರ ಸೆರಗಿನಲ್ಲಿ ಯಾವ ಕಾಗದ ಗಂಟು ಕಟ್ಟಿಕೊಂಡು ಕಾದಿದೆಯೋ ಯಾರು ಬಲ್ಲರು.